ಕುಕ್ ಸಿಟಿ: ಹಿಮವನ್ನು ಓದುವ ಊರು

ಅಮೆರಿಕದ ಮೊಂಟಾನಾ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಈಶಾನ್ಯ ದ್ವಾರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಕುಕ್ ಸಿಟಿ ಎಂಬ ಊರಿದೆ. ಹೆಸರಿನಲ್ಲಿ ‘ಸಿಟಿ’ ಇದ್ದರೂ ವರ್ಷವಿಡೀ ಅಲ್ಲಿ ನೆಲೆಸಿರುವವರ ಸಂಖ್ಯೆ ನೂರರ ಆಸುಪಾಸು. ಸಮುದ್ರಮಟ್ಟದಿಂದ ಸುಮಾರು 7,600 ಅಡಿ ಎತ್ತರದ ಕಿರಿದಾದ ಕಣಿವೆ, ಅದರ ನಡುವೆ ಒಂದು ಮುಖ್ಯಬೀದಿ, ಬೀದಿಯ ಎರಡೂ ಬದಿಗೆ ಮರದ ಮನೆಗಳು, ತಂಗುದಾಣಗಳು, ಒಂದು ಪೆಟ್ರೋಲ್ ಬಂಕ್, 1886ರಿಂದ ನಿಂತಿರುವ ಒಂದು ಹಳೆಯ ದಿನಸಿ ಅಂಗಡಿ. ಊರು ಅಷ್ಟೇ.

ಚಳಿಗಾಲದಲ್ಲಿ ಆ ಬೀದಿಯ ಮೇಲೆ ಕಾರುಗಳಿಗಿಂತ ಹೆಚ್ಚಾಗಿ ಓಡಾಡುವುದು ಸ್ನೋಮೊಬೈಲ್‌ಗಳು. ಮುಂದೆ ಎರಡು ಹಿಮಜಾರುಪಟ್ಟಿಗಳು, ಹಿಂದೆ ಹಲ್ಲುಗಳುಳ್ಳ ರಬ್ಬರಿನ ಅಗಲವಾದ ಸುತ್ತುಪಟ್ಟಿ, ಮೇಲೆ ಬೈಕಿನಂತಹ ಆಸನ ಹಾಗೂ ಹಿಡಿ. ಇದು ಆ ವಾಹನದ ರೂಪ. ಬೆಳಿಗ್ಗೆ ಎದ್ದೊಡನೆ ಊರಿನವರೂ ಬಂದವರೂ ಕೇಳುವ ಪ್ರಶ್ನೆ ಒಂದೇ: ಇಂದು ಹಿಮ ಹೇಗಿದೆ? ಕೇಳಲು ಸರಳವಾದ ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಹಾದಿ ಸಾಗಲು ಯೋಗ್ಯವಾಗಿದೆಯೇ ಎಂಬುದು ಒಂದು. ಹಾದಿಯ ಮೇಲಿನ ಬೆಟ್ಟ ಸುಮ್ಮನಿರುವುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಮರೆತವರಿಗೆ ಆ ಬೆಟ್ಟಗಳು ದುಬಾರಿಯಾದ ಪಾಠವನ್ನು ಕಲಿಸಿವೆ.

ದಾರಿ ಮುಗಿಯುವಲ್ಲಿ

ಚಳಿಗಾಲದಲ್ಲಿ ಕುಕ್ ಸಿಟಿಗೆ ಕಾರಿನಲ್ಲಿ ಹೋಗಲು ಇರುವುದು ಒಂದೇ ದಾರಿ. ಯೆಲ್ಲೋಸ್ಟೋನ್ ಉದ್ಯಾನದ ಉತ್ತರ ದ್ವಾರದ ಬಳಿಯ ಗಾರ್ಡಿನರ್ ಪಟ್ಟಣದಿಂದ ಹೊರಟು ಉದ್ಯಾನದೊಳಗೇ ಸುಮಾರು 90 ಕಿಲೋಮೀಟರ್ ಸಾಗಬೇಕು. ಉದ್ಯಾನದ ಬಹುತೇಕ ಒಳರಸ್ತೆಗಳು ಹಿಮದಡಿ ಮುಚ್ಚಿಹೋಗಿರುವಾಗ ಈ ರಸ್ತೆಯ ಹಿಮವನ್ನು ಮಾತ್ರ ಯಂತ್ರಗಳಿಂದ ತಳ್ಳಿ ಚಳಿಗಾಲವಿಡೀ ತೆರೆದಿಡುತ್ತಾರೆ. ದಾರಿಯಲ್ಲಿ ಸಿಗುವ ಲಾಮಾರ್ ಕಣಿವೆಯಲ್ಲಿ ಬೈಸನ್‌ಗಳು ಭಾರವಾದ ತಲೆಯಿಂದ ಹಿಮವನ್ನು ಪಕ್ಕಕ್ಕೆ ಸರಿಸಿ ಅಡಿಯ ಒಣಹುಲ್ಲನ್ನು ಮೇಯುತ್ತಿರುತ್ತವೆ. ಒಮ್ಮೆ ಈ ನೆಲದಿಂದ ಸಂಪೂರ್ಣ ಅಳಿದುಹೋಗಿದ್ದ ತೋಳಗಳನ್ನು 1995ರಲ್ಲಿ ಕೆನಡಾದಿಂದ ತಂದು ಬಿಟ್ಟದ್ದು ಇದೇ ಕಣಿವೆಯ ಸುತ್ತಮುತ್ತ. ಈಗ ಅವುಗಳನ್ನು ಕಾಣಲು ದೂರದರ್ಶಕ ಹಿಡಿದವರು ನಸುಕಿನಿಂದಲೇ ರಸ್ತೆಬದಿಯಲ್ಲಿ ನಿಂತಿರುತ್ತಾರೆ.

ಉದ್ಯಾನದ ಗಡಿ ದಾಟಿ, ಸಿಲ್ವರ್ ಗೇಟ್ ಎಂಬ ಇನ್ನೂ ಚಿಕ್ಕ ಊರನ್ನು ಹಾದು ಕುಕ್ ಸಿಟಿ ಸೇರಿದರೆ ಊರಿನ ಪೂರ್ವದ ತುದಿಯಲ್ಲಿ ಡಾಂಬರು ರಸ್ತೆ ಹಿಮದ ಗೋಡೆಗೆ ಬಂದು ಮುಗಿಯುತ್ತದೆ. ಅಲ್ಲಿಂದ ಮುಂದಿನದು 1936ರಲ್ಲಿ ಪೂರ್ಣಗೊಂಡ ಬೇರ್‌ಟೂತ್ ಹೆದ್ದಾರಿಯ ದಿಕ್ಕು. ಆ ಹೆದ್ದಾರಿ 10,947 ಅಡಿಯವರೆಗೆ ಏರುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ ನಡುವಿನಿಂದ ಮೇ ಕೊನೆಯವರೆಗೆ ಅದು ಮುಚ್ಚಿರುತ್ತದೆ. ಊರಿನ ಪೂರ್ವಕ್ಕೆ ಹಿಮ ತಳ್ಳದೆ ಬಿಡುವ ಸುಮಾರು 14 ಕಿಲೋಮೀಟರ್ ಉದ್ದದ ತುಣುಕಿಗೆ ಅಲ್ಲಿನವರು ಇಟ್ಟಿರುವ ಹೆಸರಿನ ಅರ್ಥ ‘ಬಿರಡೆ’. ಸೀಸೆಯ ಬಾಯಿಗೆ ಬಿರಡೆ ಜಡಿದಂತೆ ಊರಿನ ಒಂದು ಬಾಯಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಅದನ್ನೂ ತೆರೆದರೆ ಪೂರ್ವದ ಪಟ್ಟಣಗಳಿಗೆ, ಆಸ್ಪತ್ರೆಗೆ, ಸಂತೆಗೆ ಹತ್ತಿರವಾದೀತು ಎಂಬುದು ಕೆಲವರ ವಾದ. ಆ ಹಿಮವೇ ಸ್ನೋಮೊಬೈಲ್ ಸವಾರರನ್ನು ಕರೆತರುವ ಹಾದಿ, ಅದನ್ನು ತಳ್ಳಿದರೆ ಊರಿನ ಅನ್ನವನ್ನೇ ತಳ್ಳಿದಂತೆ ಎಂಬುದು ಉಳಿದವರ ವಾದ. ಬೇರೆ ಊರುಗಳು ರಸ್ತೆ ತೆರೆಯಲಿ ಎಂದು ಹೋರಾಡಿದರೆ, ಇಲ್ಲಿ ಮುಚ್ಚಿದ ರಸ್ತೆಯಿಂದಲೇ ಅನೇಕರ ಒಲೆ ಉರಿಯುತ್ತದೆ.

ಊರು ಹುಟ್ಟಿದ್ದು ಮಾತ್ರ ಹಿಮಕ್ಕಾಗಿ ಅಲ್ಲ. 1870ರ ದಶಕದಲ್ಲಿ ಚಿನ್ನ, ಬೆಳ್ಳಿಗಳನ್ನು ಅರಸಿ ಬಂದ ಗಣಿಗಾರರು ಇಲ್ಲಿ ನೆಲೆಯೂರಿದರು. ಅದಿರನ್ನು ಸಾಗಿಸಲು ರೈಲು ಬರಲೇಬೇಕು ಎಂಬ ಆಸೆಯಿಂದ, ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿಯೊಂದಿಗೆ ನಂಟಿದ್ದ ಜೇ ಕುಕ್ ಮನೆತನದ ಹೆಸರನ್ನು ಊರಿಗೆ ಇಟ್ಟರು. ಹೆಸರು ಉಳಿಯಿತು, ರೈಲು ಮಾತ್ರ ಬರಲೇ ಇಲ್ಲ.

ಮುಚ್ಚಿದ ರಸ್ತೆಯಿಂದ ಹುಟ್ಟಿದ ಯಂತ್ರ

ಸ್ನೋಮೊಬೈಲ್‌ನ ಕಥೆಯೂ ಮುಚ್ಚಿದ ರಸ್ತೆಯೊಂದರಿಂದಲೇ ಆರಂಭವಾಗುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್‌ಕೋರ್ ಎಂಬಲ್ಲಿ ಜೋಸೆಫ್ ಅರ್ಮಾಂ ಬೊಂಬಾರ್ಡಿಯೇ ಎಂಬ ಯುವ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎಳೆಯ ಮಗನಿಗೆ ಕಾಯಿಲೆ ಬಿಗಡಾಯಿಸಿತು. ಹಿಮ ತುಂಬಿದ ರಸ್ತೆಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ವಾಹನದ ಯತ್ನದಲ್ಲಿ ಅವರು ಹದಿಹರೆಯದಿಂದಲೂ ತೊಡಗಿದ್ದರು; ಮಗನ ಸಾವಿನ ನಂತರ ಆ ಯತ್ನ ಇನ್ನಷ್ಟು ಬಿಗಿಯಾಯಿತು. ಕೆಲವೇ ವರ್ಷಗಳಲ್ಲಿ ಹಲ್ಲುಗಾಲಿ ಮತ್ತು ಸುತ್ತುಪಟ್ಟಿಯ ಅವರ ವಿನ್ಯಾಸಕ್ಕೆ ಪೇಟೆಂಟ್ ದೊರೆಯಿತು. ಏಳು ಜನ ಕೂರಬಹುದಾಗಿದ್ದ ಅವರ ಮೊದಲ ವಾಹನಗಳು ವೈದ್ಯರನ್ನು, ಅಂಚೆಯನ್ನು, ಶಾಲಾಮಕ್ಕಳನ್ನು ಹಿಮದ ನಾಡಿನಲ್ಲಿ ಹೊತ್ತವು. ಒಬ್ಬಿಬ್ಬರು ಕೂರುವ ಹಗುರವಾದ ‘ಸ್ಕಿಡೂ’ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅಲ್ಲಿಂದ ಮುಂದೆ ಅಗತ್ಯದ ವಾಹನ ಮೆಲ್ಲನೆ ಮೋಜಿನ ವಾಹನವೂ ಆಯಿತು.

ಬೆಟ್ಟಕ್ಕೆಂದೇ ತಯಾರಾಗುವ ಇಂದಿನ ಸ್ನೋಮೊಬೈಲ್‌ಗಳ ಸುತ್ತುಪಟ್ಟಿ ಉದ್ದವಾದದ್ದು, ಅದರ ರಬ್ಬರ್ ಹಲ್ಲುಗಳು ಎರಡೂವರೆಯಿಂದ ಮೂರು ಅಂಗುಲ ಎತ್ತರದವು. ಮೆದುಹಿಮದಲ್ಲಿ ಹೂತುಹೋಗದೆ ಕಡಿದಾದ ಇಳಿಜಾರನ್ನು ಅವು ನಿಮಿಷದೊಳಗೆ ಏರಬಲ್ಲವು. ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುವವನು ಒಂದು ದಿನದಲ್ಲಿ ಒಂದೆರಡು ಇಳಿಜಾರುಗಳನ್ನು ಮುಟ್ಟಿಯಾನು; ಸ್ನೋಮೊಬೈಲ್ ಸವಾರ ಅಷ್ಟೇ ಹೊತ್ತಿನಲ್ಲಿ ಹತ್ತಿಪ್ಪತ್ತನ್ನು ಮುಟ್ಟುತ್ತಾನೆ. ಅಪಾಯದೊಂದಿಗಿನ ಭೇಟಿಯೂ ಅಷ್ಟೇ ಪಟ್ಟು ಹೆಚ್ಚುತ್ತದೆ.

ಬೆಳಗಿನ ವರದಿ

ಕುಕ್ ಸಿಟಿಯ ಉತ್ತರಕ್ಕೆ ಡೇಸಿ ಪಾಸ್, ಲುಲು ಪಾಸ್ ಎಂಬ ಎರಡು ಕಣಿವೆಮಾರ್ಗಗಳಿವೆ. ಹಳೆಯ ಗಣಿದಾರಿಗಳೇ ಈಗ ಅಲ್ಲಿ ಹಿಮದ ಹಾದಿಗಳಾಗಿವೆ. ಪೂರ್ವಕ್ಕೆ ಮುಚ್ಚಿದ ಹೆದ್ದಾರಿಯೇ ಹಾದಿ. ಈ ಮುಖ್ಯ ಹಾದಿಗಳನ್ನು ಹದಗೊಳಿಸಲು ಟ್ರ್ಯಾಕ್ಟರಿನಂತಹ ದೊಡ್ಡ ಯಂತ್ರವೊಂದು ಹಿಂದೆ ಅಗಲವಾದ ಕುಂಟೆಯನ್ನು ಎಳೆಯುತ್ತ ಸಾಗುತ್ತದೆ. ಹಗಲು ನೂರಾರು ವಾಹನಗಳು ಓಡಿ ಎಬ್ಬಿಸಿದ ಉಬ್ಬುತಗ್ಗುಗಳನ್ನು ಅದು ಕತ್ತರಿಸಿ, ಕಲಸಿ, ಒತ್ತಿ ಸಮ ಮಾಡುತ್ತದೆ. ಈ ಕೆಲಸಕ್ಕೆ ರಾತ್ರಿಯೇ ತಕ್ಕ ಹೊತ್ತು. ಕಲಸಿದ ಹಿಮದ ಕಣಗಳು ಚಳಿಯಲ್ಲಿ ಕೆಲವು ಗಂಟೆ ಯಾರೂ ತುಳಿಯದೆ ಬಿಟ್ಟರೆ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಹೊಸದಾಗಿ ಹಾಕಿದ ಕಾಂಕ್ರೀಟಿಗೆ ಬಿಡುವು ಬೇಕಾದಂತೆಯೇ ಇದು.

ಹಾದಿಯ ವರದಿಯಲ್ಲಿ ಬರುವ ಮಾತುಗಳಿಗೆ ಒಂದೊಂದಕ್ಕೂ ಹುರುಳಿದೆ. ‘ಹಿಮ ತೆಳುವಾಗಿದೆ’ ಎಂದರೆ ಕಲ್ಲು, ಮರದ ಬೊಡ್ಡೆ, ಪೂರ್ತಿ ಮುಚ್ಚದ ತೊರೆಗಳು ಬಿಳಿಯ ಹೊದಿಕೆಯ ಕೆಳಗೆ ಹೊಂಚುಹಾಕಿವೆ ಎಂದರ್ಥ. ನವೆಂಬರ್, ಡಿಸೆಂಬರ್ ತಿಂಗಳುಗಳ ಮಾತು ಇದು. ‘ಹಾದಿ ಗಟ್ಟಿಯಾಗಿ ನೀರ್ಗಲ್ಲಾಗಿದೆ’ ಎಂದರೆ ವಾಹನವೇ ಬಿಸಿಯೇರಿ ನಿಂತೀತು. ಏಕೆಂದರೆ ಬಹುತೇಕ ಸ್ನೋಮೊಬೈಲ್‌ಗಳ ಇಂಜಿನ್ ತಣ್ಣಗಾಗುವುದು ಸುತ್ತುಪಟ್ಟಿ ಮೇಲೆರಚುವ ಹಿಮದಿಂದ. ಹಾದಿ ಗಡುಸಾಗಿದ್ದರೆ ಹಿಮ ಮೇಲೇಳುವುದಿಲ್ಲ. ಆಗ ಸವಾರರು ಹಾದಿಯನ್ನು ಕೆರೆದು ಹಿಮದ ಪುಡಿ ಎಬ್ಬಿಸುವ ಉಕ್ಕಿನ ಕಡ್ಡಿಗಳನ್ನು ಇಳಿಸಿಕೊಳ್ಳುತ್ತಾರೆ.

ಬೆಟ್ಟದ ಮೇಲಿನ ಸುದ್ದಿಯನ್ನು ತರುವುದು ಬೇರೊಂದು ವ್ಯವಸ್ಥೆ. ಊರಿನ ಉತ್ತರಕ್ಕೆ ಫಿಷರ್ ಕ್ರೀಕ್ ಎಂಬ ತೊರೆಯ ಬಳಿ ಸುಮಾರು 9,100 ಅಡಿ ಎತ್ತರದಲ್ಲಿ ಅಮೆರಿಕದ ಕೃಷಿ ಇಲಾಖೆಯ ಹಿಮಮಾಪನ ಕೇಂದ್ರವಿದೆ. ‘ಸ್ನೋಟೆಲ್’ ಎಂದು ಕರೆಯುವ ಇಂತಹ ಕೇಂದ್ರಗಳು ಪಶ್ಚಿಮ ಅಮೆರಿಕದ ಬೆಟ್ಟಗಳಲ್ಲಿ ನೂರಾರು ಇವೆ. ಹೆಪ್ಪುಗಟ್ಟದ ದ್ರವ ತುಂಬಿದ ಅಗಲವಾದ ದಿಂಬೊಂದನ್ನು ನೆಲದ ಮೇಲೆ ಹಾಸಿರುತ್ತಾರೆ. ಅದರ ಮೇಲೆ ಬಿದ್ದ ಹಿಮದ ಭಾರ ದ್ರವವನ್ನು ಒತ್ತುತ್ತದೆ, ಆ ಒತ್ತಡವೇ ಅಂಕಿಯಾಗುತ್ತದೆ. ಹಿಮ ಎಷ್ಟು ಅಡಿ ಬಿದ್ದಿದೆ ಎಂಬುದಕ್ಕಿಂತ ಅದರಲ್ಲಿ ಎಷ್ಟು ಅಂಗುಲ ನೀರಿದೆ ಎಂಬುದು ಇಲ್ಲಿ ಮುಖ್ಯ. ಹತ್ತು ಅಂಗುಲ ಹೊಸಹಿಮ ಕರಗಿದರೆ ಸುಮಾರು ಒಂದು ಅಂಗುಲ ನೀರು ಎಂಬುದು ಸ್ಥೂಲ ಲೆಕ್ಕ. ಒಣಚಳಿಯ ಬೆಟ್ಟಗಳಲ್ಲಿ ನೀರಿನ ಪಾಲು ಇನ್ನೂ ಕಡಿಮೆ. ಹಗುರವಾದ ಎರಡು ಅಡಿ ಹಿಮಕ್ಕಿಂತ ನೀರುಭರಿತವಾದ ಒಂದು ಅಡಿ ಹಿಮ ಬೆಟ್ಟದ ಮೇಲೆ ಹೆಚ್ಚು ಹೊರೆ ಹೇರಬಲ್ಲದು.

ಈ ಕೇಂದ್ರಗಳ ಅಂಕಿಗಳು ಊರಿಗೆ ಬಂದು ಸೇರುತ್ತಿದ್ದ ಬಗೆ ಮಕ್ಕಳಿಗೆ ಅಚ್ಚರಿ ತಂದೀತು. ದಶಕಗಳ ಕಾಲ ಅವು ಉಲ್ಕೆಗಳ ನೆರವು ಪಡೆದವು. ಆಕಾಶದಲ್ಲಿ ಪ್ರತಿದಿನ ಮರಳಿನ ಕಣದಷ್ಟು ಸಣ್ಣ ಉಲ್ಕೆಗಳು ಲೆಕ್ಕವಿಲ್ಲದಷ್ಟು ಉರಿಯುತ್ತವೆ. ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಅವು ಬಿಡುವ ವಿದ್ಯುದಾವೇಶದ ಗೆರೆ ಕ್ಷಣಮಾತ್ರ ಉಳಿದು ಮಾಯವಾಗುತ್ತದೆ. ಬೆಟ್ಟದ ಕೇಂದ್ರದ ರೇಡಿಯೋ ಸಂಕೇತ ಆ ಗೆರೆಗೆ ತಾಗಿ ಪ್ರತಿಫಲಿಸಿ ನೂರಾರು ಕಿಲೋಮೀಟರ್ ದೂರದ ನಿಲ್ದಾಣಕ್ಕೆ ಇಳಿಯುತ್ತಿತ್ತು. ಈಗ ಆ ಕೆಲಸವನ್ನು ಮೊಬೈಲ್ ಜಾಲ ಹಾಗೂ ಉಪಗ್ರಹಗಳು ವಹಿಸಿಕೊಂಡಿವೆ.

ಪದರಗಳಲ್ಲಿ ಅಡಗಿದ ಸುದ್ದಿ

ಕನ್ನಡದಲ್ಲಿ ಇಬ್ಬನಿ, ಮಂಜು, ಕಾವಳ, ಆಲಿಕಲ್ಲು ಎಂದು ತಣ್ಣನೆಯ ನೀರಿಗೆ ಬೇರೆ ಬೇರೆ ಹೆಸರುಗಳಿವೆ. ಬೆಟ್ಟದಿಂದ ಜಾರುವ ಹಿಮಕ್ಕೆ ಮಾತ್ರ ಸ್ಪಷ್ಟವಾದ ಬೇರೆ ಹೆಸರು ರೂಢಿಯಾಗಿಲ್ಲ. ಪತ್ರಿಕೆಗಳು ‘ಹಿಮಪಾತ’ ಎಂಬ ಒಂದೇ ಪದವನ್ನು ಆಕಾಶದಿಂದ ಬೀಳುವ ಹಿಮಕ್ಕೂ ಬೆಟ್ಟದಿಂದ ಉರುಳುವ ಹಿಮಕ್ಕೂ ಬಳಸುವುದುಂಟು. ಕುಕ್ ಸಿಟಿಯ ಬದುಕಿನಲ್ಲಿ ಈ ಎರಡೂ ಒಂದೇ ಅಲ್ಲ. ಹಿಮಪಾತ ಅನ್ನ ಕೊಡುತ್ತದೆ. ಹಿಮಕುಸಿತ ಜೀವ ಕೊಂಡೊಯ್ಯುತ್ತದೆ.

ಹಿಮ ಒಂದೇ ರಾಶಿಯಾಗಿ ಬೀಳುವುದಿಲ್ಲ. ಒಂದೊಂದು ಬಿರುಗಾಳಿ ಒಂದೊಂದು ಪದರವನ್ನು ಹಾಸಿಹೋಗುತ್ತದೆ. ಎರಡು ಹಿಮಪಾತಗಳ ನಡುವೆ ನಿರ್ಮಲವಾದ ಚಳಿರಾತ್ರಿಗಳು ಬಂದರೆ ಮೇಲ್ಮೈಯಲ್ಲಿ ಗರಿಯಂತಹ ಹರಳುಗಳು ಬೆಳೆಯುತ್ತವೆ. ಡಿಸೆಂಬರ್, ಜನವರಿಯ ಮುಂಜಾನೆ ಉದಕಮಂಡಲದ ಹುಲ್ಲುಗಾವಲು ಬೆಳ್ಳಗಾಗಿರುವುದನ್ನು ಕಂಡ ನೀಲಗಿರಿಯ ಓದುಗರಿಗೆ ಈ ಹರಳುಗಳ ಪರಿಚಯವಿದೆ. ಉದಕಮಂಡಲದಲ್ಲಿ ಬಿಸಿಲೇರಿದೊಡನೆ ಅವು ಕರಗಿಹೋಗುತ್ತವೆ. ಮೊಂಟಾನಾದ ಬೆಟ್ಟಗಳಲ್ಲಿ ಅವು ಕರಗುವ ಮೊದಲೇ ಮುಂದಿನ ಹಿಮದಡಿ ಹೂತುಹೋಗಬಹುದು. ಆಗ ಮೇಲಿನ ಭಾರವಾದ ಪದರ ಆ ನಿಂತ ಹರಳುಗಳ ಮೇಲೆ ಕುಳಿತಿರುತ್ತದೆ.

ಇನ್ನೊಂದು ದುರ್ಬಲ ಪದರ ತಳದಲ್ಲೇ ಹುಟ್ಟುತ್ತದೆ. ಅಕ್ಟೋಬರಿನಲ್ಲಿ ಬಿದ್ದ ತೆಳುವಾದ ಹಿಮದ ಕೆಳಗೆ ನೆಲ ಬೆಚ್ಚಗಿರುತ್ತದೆ, ಮೇಲೆ ಗಾಳಿ ಕೊರೆಯುತ್ತಿರುತ್ತದೆ. ಈ ಉಷ್ಣಾಂಶದ ವ್ಯತ್ಯಾಸದಿಂದ ಹಿಮದೊಳಗಿನ ಆವಿ ಮೇಲಕ್ಕೆ ಸರಿಯುತ್ತ ಕಣಗಳ ಬೆಸುಗೆಯನ್ನು ಕಳಚಿ ಅವನ್ನು ಸಕ್ಕರೆಯಂತಹ ಹರಳುಗಳನ್ನಾಗಿ ಮಾಡುತ್ತದೆ. ಹಿಡಿಯಲ್ಲಿ ತೆಗೆದುಕೊಂಡು ಉಂಡೆ ಕಟ್ಟಲು ಹೋದರೆ ಅದು ಉದುರಿಹೋಗುತ್ತದೆ. ಅಂತಹ ಸಕ್ಕರೆಯ ಹಾಸಿನ ಮೇಲೆ ಚಳಿಗಾಲದ ಹೊರೆಯೆಲ್ಲ ಬಂದು ಕೂರುತ್ತದೆ. ಮೇಲಿನಿಂದ ನೋಡಿದವರಿಗೆ ಕಾಣುವುದು ಕಲೆಯಿಲ್ಲದ ಬಿಳುಪು ಮಾತ್ರ.

ಈ ಒಳಸುದ್ದಿಯನ್ನು ತಿಳಿಯಲು ಗ್ಯಾಲಟಿನ್ ಅರಣ್ಯದ ಹಿಮಕುಸಿತ ಕೇಂದ್ರದ ಮುನ್ಸೂಚಕರು ಬೆಟ್ಟಕ್ಕೆ ಹೋಗಿ ಗುಂಡಿ ತೋಡುತ್ತಾರೆ. ಬೋಜ್‌ಮನ್ ನಗರದಲ್ಲಿರುವ ಈ ಕೇಂದ್ರ ಚಳಿಗಾಲದಲ್ಲಿ ಪ್ರತಿದಿನ ಮುಂಜಾನೆ ತನ್ನ ಮುನ್ಸೂಚನೆಯನ್ನು ಹೊರಡಿಸುತ್ತದೆ. ಕುಕ್ ಸಿಟಿಯ ಸುತ್ತಲಿನ ಬೆಟ್ಟಗಳೂ ಅದರ ವ್ಯಾಪ್ತಿಯಲ್ಲಿವೆ. ಗುಂಡಿಯ ಗೋಡೆಯಲ್ಲಿ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ದಪ್ಪದ ಹಿಮದ ಕಂಬವನ್ನು ಕೊರೆದು ಬಿಡಿಸಿ, ಅದರ ಒಂದು ತುದಿಯ ಮೇಲೆ ಸಲಿಕೆಯನ್ನಿಟ್ಟು ತಟ್ಟುತ್ತಾರೆ. ಮೊದಲು ಮಣಿಕಟ್ಟಿನಿಂದ ಹತ್ತು ಪೆಟ್ಟು, ಆಮೇಲೆ ಮೊಣಕೈಯಿಂದ ಹತ್ತು, ಕೊನೆಗೆ ಭುಜದಿಂದ ಹತ್ತು. ಎಷ್ಟನೆಯ ಪೆಟ್ಟಿಗೆ ಬಿರುಕು ಹುಟ್ಟಿತು, ಅದು ಕಂಬದ ಇನ್ನೊಂದು ತುದಿಯವರೆಗೆ ಓಡಿತೇ ಎಂಬುದನ್ನು ಬರೆದುಕೊಳ್ಳುತ್ತಾರೆ. ಬಿರುಕು ಓಡಿದರೆ ಆ ಇಳಿಜಾರು ನಂಬಿಕೆಗೆ ಅರ್ಹವಲ್ಲ.

ಮೂರನೆಯ ಮಟ್ಟ

ಹಿಮಕುಸಿತದ ಅಪಾಯವನ್ನು ಐದು ಮಟ್ಟಗಳಲ್ಲಿ ಹೇಳುತ್ತಾರೆ: ಕಡಿಮೆ, ಮಧ್ಯಮ, ಗಣನೀಯ, ಹೆಚ್ಚು, ಅತಿ ಹೆಚ್ಚು. ಐದನೆಯ ಮಟ್ಟದ ದಿನ ಹೆಚ್ಚು ಜನ ಸಾಯುತ್ತಾರೆ ಎಂದು ಯಾರಾದರೂ ಊಹಿಸಬಹುದು. ವಾಸ್ತವ ಹಾಗಿಲ್ಲ. ಅತಿ ಹೆಚ್ಚು ಸಾವುಗಳು ಸಂಭವಿಸುವುದು ನಡುವಿನದಾದ ಮೂರನೆಯ ಮಟ್ಟದಲ್ಲಿ. ಐದನೆಯ ಮಟ್ಟದ ದಿನ ಬಿರುಗಾಳಿ ಬೀಸುತ್ತಿರುತ್ತದೆ, ಕಣ್ಣು ಕಾಣುವುದಿಲ್ಲ, ಜನ ಮನೆಯಲ್ಲೇ ಉಳಿಯುತ್ತಾರೆ. ಮೂರನೆಯ ಮಟ್ಟದ ದಿನ ಬಿರುಗಾಳಿ ನಿಂತಿರುತ್ತದೆ, ಆಕಾಶ ನೀಲಿಯಾಗಿರುತ್ತದೆ, ಹೊಸಹಿಮ ಹೊಳೆಯುತ್ತಿರುತ್ತದೆ. ನಿನ್ನೆಯ ಸವಾರಿಗೆ ಏನೂ ಆಗಿಲ್ಲ ಎಂಬ ಧೈರ್ಯವೂ ಜೊತೆಗಿರುತ್ತದೆ. ಒಂದರಿಂದ ಐದರ ನಡುವೆ ಮೂರು ಎಂದರೆ ಅರ್ಧ ಅಪಾಯ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆ ಲೆಕ್ಕವೇ ತಪ್ಪು. ಮಟ್ಟ ಒಂದೊಂದು ಏರಿದಂತೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಮೂರನೆಯ ಮಟ್ಟದಲ್ಲಿ ಮನುಷ್ಯನ ಭಾರಕ್ಕೇ ಹಿಮ ಕುಸಿಯುವ ಸಂಭವವಿದೆ.

ಮನುಷ್ಯರನ್ನು ಕೊಂದ ಹಿಮಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಆರಂಭಿಸಿದವರು ಸತ್ತವರೇ ಅಥವಾ ಅವರ ಜೊತೆಗಾರರೇ. ಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ. ಸ್ನೋಮೊಬೈಲ್ ಸವಾರರು ಒಬ್ಬರಿಗಿಂತ ಒಬ್ಬರು ಎತ್ತರಕ್ಕೆ ಏರಿ ಗೆರೆ ಎಳೆದು ಹಿಂದಿರುಗುವ ಆಟ ಆಡುವುದೂ ಅಂತಹ ಇಳಿಜಾರುಗಳಲ್ಲೇ.

ಈ ಆಟದಲ್ಲಿ ಪದೇ ಪದೇ ಕಾಣುವ ದುರಂತದ ರೂಪವೊಂದಿದೆ. ಒಬ್ಬ ಮೇಲೇರಿ ಹಿಮದಲ್ಲಿ ಸಿಕ್ಕಿಕೊಳ್ಳುತ್ತಾನೆ. ಕೆಳಗಿದ್ದ ಗೆಳೆಯ ಸುಮ್ಮನೆ ನೋಡುತ್ತ ನಿಲ್ಲಲಾರದೆ ನೆರವಿಗೆಂದು ತನ್ನ ವಾಹನವನ್ನೂ ಅದೇ ಇಳಿಜಾರಿಗೆ ಏರಿಸುತ್ತಾನೆ. ಒಬ್ಬನ ಭಾರವನ್ನು ಹೇಗೋ ಹೊತ್ತಿದ್ದ ದುರ್ಬಲ ಪದರ ಇಬ್ಬರ ಭಾರಕ್ಕೆ ಮುರಿಯುತ್ತದೆ. ಆದ್ದರಿಂದ ಈ ಬೆಟ್ಟಗಳ ಮೊದಲ ನಿಯಮ ಕೇಳಲು ಕಠಿಣವಾಗಿದೆ: ಸಿಕ್ಕಿಬಿದ್ದವನು ತಾನೇ ಬಿಡಿಸಿಕೊಂಡು ಬರಲಿ, ಉಳಿದವರು ದೂರದ ಸುರಕ್ಷಿತ ಜಾಗದಲ್ಲಿ ನಿಂತು ಅವನ ಮೇಲಿನ ಕಣ್ಣು ತೆಗೆಯದಿರಲಿ. ಒಂದು ಇಳಿಜಾರಿನ ಮೇಲೆ ಒಮ್ಮೆಗೆ ಒಬ್ಬರೇ. ಇಳಿಜಾರಿನ ಬುಡದಲ್ಲಿ ವಾಹನ ನಿಲ್ಲಿಸಿ ಹರಟುವುದೂ ಸಲ್ಲದು; ಕುಸಿದ ಹಿಮ ಬಂದು ನಿಲ್ಲುವ ಜಾಗವೇ ಅದು.

2021ರ ಡಿಸೆಂಬರಿನ ಕೊನೆಯ ವಾರ ಕುಕ್ ಸಿಟಿಯ ಉತ್ತರದ ಸ್ಕಾಚ್ ಬಾನೆಟ್ ಬೆಟ್ಟದಲ್ಲಿ ಹಿಮ ಕುಸಿದು ಇಬ್ಬರು ಸ್ನೋಮೊಬೈಲ್ ಸವಾರರು ಮಡಿದರು. ಊರಿನಿಂದ ಕೆಲವೇ ಕಿಲೋಮೀಟರ್ ದೂರದ ಜಾಗ ಅದು. ಹಾದಿ ತೆರೆದಿತ್ತು. ಅಲ್ಲಿಯವರೆಗೆ ತಲುಪುವುದು ಕಷ್ಟದ ಮಾತಾಗಿರಲಿಲ್ಲ.

ಹತ್ತು ನಿಮಿಷ

ಹಿಮದಡಿ ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಆ ಸಂಖ್ಯೆ ಮೂರರ ಆಸುಪಾಸಿಗೆ ಇಳಿಯುತ್ತದೆ. ಉರುಳಿ ಬಂದ ಹಿಮ ನಿಂತೊಡನೆ ಗಾರೆಯಂತೆ ಬಿಗಿಯುತ್ತದೆ. ಬೆರಳನ್ನೂ ಅಲ್ಲಾಡಿಸಲಾಗದು. ಕೊಲ್ಲುವುದು ಹೆಚ್ಚಾಗಿ ಚಳಿಯಲ್ಲ, ಉಸಿರುಕಟ್ಟುವಿಕೆ. ಗಾರ್ಡಿನರ್ 90 ಕಿಲೋಮೀಟರ್ ದೂರದಲ್ಲಿ, ದೊಡ್ಡ ಆಸ್ಪತ್ರೆಗಳು ಅದಕ್ಕೂ ಆಚೆ ಇರುವ ಊರಿನಲ್ಲಿ ಹತ್ತು ನಿಮಿಷದೊಳಗೆ ಬರಬಲ್ಲ ರಕ್ಷಕರು ಜೊತೆಗಾರರು ಮಾತ್ರ.

ಆದ್ದರಿಂದ ಪ್ರತಿಯೊಬ್ಬರ ಮೈಮೇಲೆ ಮೂರು ವಸ್ತುಗಳಿರಬೇಕು. ಮೊದಲನೆಯದು 457 ಕಿಲೋಹರ್ಟ್ಸ್ ಆವರ್ತನದಲ್ಲಿ ಸಂಕೇತ ಕಳಿಸುವ ಹಾಗೂ ಹಿಡಿಯುವ ಬೀಕನ್. ಅದು ಬಟ್ಟೆಯೊಳಗೆ ಕಟ್ಟಿರಬೇಕು, ವಾಹನದ ಪೆಟ್ಟಿಗೆಯಲ್ಲಲ್ಲ. ಏಕೆಂದರೆ ಸವಾರನೂ ವಾಹನವೂ ಒಂದೇ ಜಾಗದಲ್ಲಿ ಹೂತುಕೊಳ್ಳುವುದಿಲ್ಲ. ಎರಡನೆಯದು ಹಿಮದೊಳಗೆ ಚುಚ್ಚಿ ದೇಹವನ್ನು ಪತ್ತೆಹಚ್ಚುವ ಉದ್ದನೆಯ ಮಡಿಸುಕೋಲು. ಮೂರನೆಯದು ಸಲಿಕೆ. ಇವುಗಳನ್ನು ಕೊಂಡರೆ ಸಾಲದು, ಕಣ್ಣು ಮುಚ್ಚಿಯೂ ಬಳಸುವಷ್ಟು ರೂಢಿಸಿಕೊಂಡಿರಬೇಕು.

ಹಿಮದಡಿ ಹೂತವನಿಗಾಗಿ ಕಾಯುವ ಸಂಕಟ ಏನೆಂಬುದು ಕನ್ನಡಿಗರಿಗೂ ಗೊತ್ತು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಕಾವಲುನೆಲೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ನೆಲೆಯ ಹತ್ತು ಯೋಧರು ಹೂತುಹೋದರು. ಅವರು ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರಪ್ರದೇಶ, ಮಹಾರಾಷ್ಟ್ರಗಳಿಂದ ಬಂದವರು; ಹಿಮವನ್ನೇ ಕಾಣದ ಊರುಗಳಲ್ಲಿ ಬೆಳೆದವರು. ಆರನೆಯ ದಿನ, 25 ಅಡಿಗೂ ಹೆಚ್ಚಿನ ಹಿಮವನ್ನು ಕೊರೆದಾಗ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಅವರ ಸುತ್ತ ಗಾಳಿಗೆ ಒಂದಿಷ್ಟು ಎಡೆ ಉಳಿದಿತ್ತು. ಫೆಬ್ರುವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆ ಮೂರು ದಿನ ಹಳ್ಳಿಹಳ್ಳಿಗಳಲ್ಲಿ ನಡೆದ ಪ್ರಾರ್ಥನೆಗಳು ಇನ್ನೂ ಅನೇಕರ ನೆನಪಿನಲ್ಲಿವೆ. ಆ ಯೋಧರು ಕರ್ತವ್ಯದ ಮೇಲೆ ಅಲ್ಲಿದ್ದರು, ನೆಲೆ ಬಿಟ್ಟು ಸರಿಯುವ ಆಯ್ಕೆ ಅವರಿಗಿರಲಿಲ್ಲ. ಮೋಜಿಗೆ ಹೋಗುವವನಿಗೆ ಹಿಂದಿರುಗುವ ಆಯ್ಕೆ ಪ್ರತಿ ಇಳಿಜಾರಿನ ಬುಡದಲ್ಲೂ ಇರುತ್ತದೆ. ಮುನ್ಸೂಚಕರು ಗುಂಡಿ ತೋಡಿ, ಅಂಕಿ ಕೂಡಿಸಿ, ನಸುಕಿನಲ್ಲಿ ವರದಿ ಬರೆಯುವುದು ಆ ಆಯ್ಕೆ ವ್ಯರ್ಥವಾಗದಿರಲೆಂದೇ.

ಗಡಿಗಳ ನಡುವಿನ ಬದುಕು

ಕುಕ್ ಸಿಟಿಯ ಸುತ್ತ ವಾಹನಗಳಿಗೆ ತೆರೆದಿರುವ ಬೆಟ್ಟಪ್ರದೇಶ ನಕ್ಷೆಯಲ್ಲಿ ಸಣ್ಣ ತೇಪೆಯಂತೆ ಕಾಣುತ್ತದೆ. ಪಶ್ಚಿಮಕ್ಕೆ ಯೆಲ್ಲೋಸ್ಟೋನ್ ಉದ್ಯಾನ. ಅದರೊಳಗೆ ಸ್ನೋಮೊಬೈಲ್‌ಗಳು ನಿಗದಿತ ಒಳರಸ್ತೆಗಳನ್ನು ಬಿಟ್ಟು ಹೊರಳುವಂತಿಲ್ಲ, ಅವುಗಳ ಸಂಖ್ಯೆಗೂ ಮಿತಿಯಿದೆ. ಉತ್ತರಕ್ಕೆ 1978ರಲ್ಲಿ ಘೋಷಿತವಾದ ಅಬ್ಸರೋಕ-ಬೇರ್‌ಟೂತ್ ವನ್ಯಪ್ರದೇಶ. ಅಲ್ಲಿ ಮೋಟಾರಿಗೆ ಪ್ರವೇಶವೇ ಇಲ್ಲ. ಹಿಮ ಬಿದ್ದಾಗ ಗಡಿಯ ಫಲಕಗಳೂ ಮುಳುಗುವುದರಿಂದ ತಾನು ಎಲ್ಲಿದ್ದೇನೆ ಎಂಬುದನ್ನು ಸವಾರನೇ ಅರಿತಿರಬೇಕು.

ಈ ತೇಪೆಯೂ ಸುಲಭವಾಗಿ ಉಳಿದದ್ದಲ್ಲ. 1988ರ ಸೆಪ್ಟೆಂಬರಿನಲ್ಲಿ ಯೆಲ್ಲೋಸ್ಟೋನಿನ ಮಹಾ ಕಾಳ್ಗಿಚ್ಚು ಊರಿನ ಅಂಚಿಗೆ ಬಂದು ಜನರನ್ನು ತೆರವುಗೊಳಿಸಬೇಕಾಯಿತು. ಯಾರೋ ಊರಿನ ಫಲಕಕ್ಕೆ ಒಂದಕ್ಷರ ಸೇರಿಸಿ ಅದನ್ನು ‘ಬೆಂದ ಊರು’ ಎಂಬರ್ಥ ಬರುವಂತೆ ಮಾಡಿದ್ದರು. ಊರು ಹೇಗೋ ಉಳಿಯಿತು. ಆಮೇಲೆ ಡೇಸಿ ಪಾಸ್ ಬಳಿಯ ಬೆಟ್ಟಗಳಲ್ಲಿ ದೊಡ್ಡ ಚಿನ್ನದ ಗಣಿಯ ಯೋಜನೆ ಬಂತು. ಗಣಿಯ ಆಮ್ಲೀಯ ನೀರು ಯೆಲ್ಲೋಸ್ಟೋನಿಗೆ ಇಳಿದೀತೆಂಬ ಆತಂಕವೂ ಸೇರಿ 1995ರಲ್ಲಿ ಯುನೆಸ್ಕೊ ಆ ಉದ್ಯಾನವನ್ನು ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಸರ್ಕಾರ 6.5 ಕೋಟಿ ಡಾಲರ್ ಮೌಲ್ಯದ ಒಪ್ಪಂದ ಮಾಡಿಕೊಂಡು ಯೋಜನೆಯನ್ನು ಕೈಬಿಡಿಸಿತು. 2022ರ ಜೂನ್‌ನಲ್ಲಿ ಹಿಮದ ಮೇಲೆ ಮಳೆ ಸುರಿದು ಬಂದ ನೆರೆ ಗಾರ್ಡಿನರ್ ಕಡೆಯ ರಸ್ತೆಯನ್ನೇ ಹಲವೆಡೆ ನುಂಗಿತು. ಅದನ್ನು ಸರಿಪಡಿಸಿ ಪುನಃ ತೆರೆದದ್ದು ಅಕ್ಟೋಬರಿನಲ್ಲಿ, ಚಳಿಗಾಲದ ಹೊಸ್ತಿಲಲ್ಲಿ. ಒಂದು ತಿಂಗಳು ತಡವಾಗಿದ್ದರೆ ಕಾರಿನ ಆ ಒಂದೇ ದಾರಿಯೂ ಇಲ್ಲದೆ ಊರು ಚಳಿಗಾಲವನ್ನು ಎದುರಿಸಬೇಕಾಗುತ್ತಿತ್ತು.

ಈಗ ನಿಧಾನವಾದ ಇನ್ನೊಂದು ಬದಲಾವಣೆ ನಡೆಯುತ್ತಿದೆ. ಪಶ್ಚಿಮ ಅಮೆರಿಕದ ಬಹುತೇಕ ಮಾಪನ ಸ್ಥಳಗಳಲ್ಲಿ ವಸಂತದ ಹಿಮಸಂಗ್ರಹ ಕಳೆದ ಶತಮಾನದ ನಡುವಿನಿಂದ ಇಳಿಮುಖವಾಗಿದೆ, ಕರಗುವ ಕಾಲ ಹಿಂದಕ್ಕೆ ಸರಿದಿದೆ. ಎತ್ತರದಲ್ಲಿರುವ ಕುಕ್ ಸಿಟಿ ತಗ್ಗಿನ ಊರುಗಳಿಗಿಂತ ಹೆಚ್ಚು ಕಾಲ ಹಿಮವನ್ನು ಹಿಡಿದಿಟ್ಟೀತು. ಹಿಮ ಕಡಿಮೆಯಾದರೆ ಅಪಾಯವೂ ಕಡಿಮೆಯಾಗುತ್ತದೆ ಎಂದು ಮಾತ್ರ ಭಾವಿಸುವಂತಿಲ್ಲ. ತೆಳುವಾದ ಹಿಮದಲ್ಲೇ ಸಕ್ಕರೆಯ ಪದರ ಬಲವಾಗಿ ಬೆಳೆಯುತ್ತದೆ.

ಹಿಮ ನೀರಾಗುವಾಗ

ಮಾರ್ಚ್ ಕಳೆದಂತೆ ಹಿಮದ ಗುಣ ಬದಲಾಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಮುಂಜಾನೆ ಹಾದಿ ಬಂಡೆಯಂತಿರುತ್ತದೆ, ಮಧ್ಯಾಹ್ನ ಕೆಸರಿನಂತಾಗುತ್ತದೆ. ಆಗ ನೀರು ಕುಡಿದ ಹಿಮ ಜಾರುವ ಹೊಸ ಭಯ. ಸವಾರರು ಬೇಗ ಹೊರಟು ಬಿಸಿಲೇರುವ ಮುನ್ನ ಹಿಂದಿರುಗುತ್ತಾರೆ. ವಸಂತದಲ್ಲಿ ಹಿಮ ತಳ್ಳುವ ಯಂತ್ರಗಳು ಬೇರ್‌ಟೂತ್ ಹೆದ್ದಾರಿಯನ್ನು ಬಿಡಿಸಲು ತೊಡಗುತ್ತವೆ. ಆಳೆತ್ತರದ ಹಿಮದ ಗೋಡೆಗಳ ನಡುವೆ ಕಪ್ಪು ರಸ್ತೆ ಮೆಲ್ಲನೆ ಕಣ್ಣು ಬಿಡುತ್ತದೆ. ಊರಿನ ಬಿರಡೆ ಕಳಚಿಕೊಳ್ಳುತ್ತದೆ.

ಡೇಸಿ ಪಾಸ್ ಸುತ್ತಲಿನ ಹಿಮ ಕರಗಿ ಮೂರು ದಿಕ್ಕಿಗೆ ಇಳಿಯುತ್ತದೆ. ಒಂದು ಪಾಲು ಸೋಡಾ ಬ್ಯೂಟ್ ತೊರೆ ಸೇರಿ ಲಾಮಾರ್ ಕಣಿವೆಯ ಬೈಸನ್‌ಗಳ ಮುಂದೆ ಹರಿಯುತ್ತದೆ. ಒಂದು ಫಿಷರ್ ಕ್ರೀಕ್ ಮೂಲಕ ಕ್ಲಾರ್ಕ್ಸ್ ಫೋರ್ಕ್ ನದಿಯನ್ನು ಸೇರುತ್ತದೆ. ಇನ್ನೊಂದು ಸ್ಟಿಲ್‌ವಾಟರ್ ನದಿಗೆ ಹೋಗುತ್ತದೆ. ಮೂರೂ ಕೊನೆಗೆ ಯೆಲ್ಲೋಸ್ಟೋನ್ ನದಿಯಲ್ಲಿ ಕೂಡಿ, ಮಿಸೌರಿ, ಮಿಸಿಸಿಪ್ಪಿಗಳ ದಾರಿಯಾಗಿ ಕಡಲಿಗೆ ಸಾಗುತ್ತವೆ. ಸ್ನೋಟೆಲ್ ಕೇಂದ್ರಗಳನ್ನು ಕೃಷಿ ಇಲಾಖೆ ನಡೆಸುವುದು ಈ ಕಾರಣಕ್ಕೆ. ಕೆಳಗಿನ ಬಯಲುಗಳ ಹೊಲಗಳಿಗೆ ಬೇಸಿಗೆಯಲ್ಲಿ ಎಷ್ಟು ನೀರು ಬಂದೀತೆಂಬ ಲೆಕ್ಕ ಆ ದಿಂಬಿನ ಮೇಲಿನ ಭಾರದಲ್ಲಿದೆ. ಸವಾರ ಹಿಮದ ಆಳ ನೋಡಲು ತೆರೆಯುವ ಅಂಕಿಯನ್ನೇ ರೈತನೂ ನೋಡುತ್ತಾನೆ.

ಹೆದ್ದಾರಿ ತೆರೆದ ಮೇಲೆ ಬೇಸಿಗೆಯ ಪ್ರವಾಸಿಗರ ಕಾರುಗಳು ಊರಿನ ಬೀದಿಯನ್ನು ತುಂಬುತ್ತವೆ. ಬೀಕನ್, ಕೋಲು, ಸಲಿಕೆಗಳು ಕಪಾಟು ಸೇರುತ್ತವೆ. ಅಕ್ಟೋಬರಿನಲ್ಲಿ ಮೊದಲ ತೆಳುವಾದ ಹಿಮ ಬೆಟ್ಟದ ಮೇಲೆ ಕುಳಿತಾಗ ಊರಿನವರು ತಲೆಯೆತ್ತಿ ನೋಡುತ್ತಾರೆ. ಅದು ಕರಗಿ ಹೋದೀತೇ, ಅಥವಾ ಉಳಿದು ಸಕ್ಕರೆಯಾದೀತೇ ಎಂಬುದನ್ನು ಅವರು ಆ ದಿನದಿಂದಲೇ ಗಮನಿಸತೊಡಗುತ್ತಾರೆ. ಜನವರಿಯಲ್ಲಿ ಕುಸಿಯಬಹುದಾದ ಬೆಟ್ಟದ ಸುದ್ದಿ ಅಕ್ಟೋಬರಿನ ಆ ಪದರದಿಂದಲೇ ಆರಂಭವಾಗಿರುತ್ತದೆ.